ಸಿಂಥೆಟಿಕ್ ಹಗ್ಗ ಬಂತು, ರೋಲರ್ ಹೋಗಬೇಕೇ?

ಪರ: ಹೋಗಲೇಬೇಕು, ಆ ಜಾಗಕ್ಕೆ ಹಾಸ್ ಬರಬೇಕು

ವಿಂಚ್ ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತಾ ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಯಂತ್ರ. ಅದರ ಸ್ಟೀಲ್ ಕೇಬಲ್ ಬಿಚ್ಚಿ ಸಿಂಥೆಟಿಕ್ ಹಗ್ಗ ಸುತ್ತಿದವರಲ್ಲಿ ಎಷ್ಟೋ ಜನ ಅಲ್ಲಿಗೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಬಂಪರ್ ಮುಂದಿನ ಫೇರ್‌ಲೀಡ್, ಅಂದರೆ ಹಗ್ಗಕ್ಕೆ ದಾರಿ ಕೊಡುವ ನಾಲ್ಕು ರೋಲರ್‌ಗಳ ಚೌಕಟ್ಟು, ಹಾಗೇ ಉಳಿಯುತ್ತದೆ. ನಾನೂ ಹಾಗೇ ಬಿಟ್ಟಿದ್ದೆ. ಅದಕ್ಕೆ ಒಂದು ಇಡೀ ಹಗ್ಗ ಬಲಿಯಾಯಿತು. ಅಲ್ಲಿ ಬೇಕಾದದ್ದು ಹಾಸ್, ಅಂದರೆ ದುಂಡು ಅಂಚಿನ ಬಾಯಿ ಇರುವ, ತಿರುಗುವ ಭಾಗವಿಲ್ಲದ ಅಲ್ಯೂಮಿನಿಯಂ ಫೇರ್‌ಲೀಡ್.

ರೋಲರ್ ಇರುವುದೇ ಸ್ಟೀಲ್ ಕೇಬಲ್‌ಗಾಗಿ. ಕೇಬಲ್ ಬಿರುಸು, ಉಜ್ಜಿದ ಕಡೆ ಲೋಹವನ್ನೇ ಕೊರೆಯುತ್ತದೆ. ಅದರ ಜೊತೆ ತಿರುಗುವ ಗಟ್ಟಿ ಉಕ್ಕು ಅಲ್ಲಿ ಬೇಕು, ಒಪ್ಪುತ್ತೇನೆ. ಸಿಂಥೆಟಿಕ್ ಹಗ್ಗದ ಸ್ವಭಾವವೇ ಬೇರೆ. ಡೈನೀಮಾ, ಸ್ಪೆಕ್ಟ್ರಾ ಅಂತ ಸಿಗುವ ನೂಲು ಒಂದು ಬಗೆಯ ಪಾಲಿಥಿನ್. ನೀರಿನಲ್ಲಿ ತೇಲುತ್ತದೆ, ಕೈಗೆ ಜಾರುತ್ತದೆ. ನುಣುಪಾದ ಅಲ್ಯೂಮಿನಿಯಂ ಅಂಚಿನ ಮೇಲೆ ಸಲೀಸಾಗಿ ಹರಿಯುತ್ತದೆ. ಅದಕ್ಕೆ ಆಗಿಬರದ್ದು ಮುಖ್ಯವಾಗಿ ಎರಡು. ಒಂದು ಚೂಪು ಅಂಚು, ಇನ್ನೊಂದು ಬಿಸಿ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗಿಯೇ ಹೋಗುತ್ತದೆ. ಬಲ ಕುಂದುವುದು ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ.

ಈಗ ಹಳೆಯ ರೋಲರ್ ಮೇಲೆ ಬೆರಳಾಡಿಸಿ ನೋಡಿ. ಕೇಬಲ್ ಬಿಟ್ಟುಹೋದ ಗೀರುಗಳು ಸಿಗುತ್ತವೆ. ಆ ಒಂದೊಂದು ಗೀರೂ ಹಗ್ಗಕ್ಕೆ ಗರಗಸದ ಹಲ್ಲು. ಕೆಸರು, ನೀರು ಒಳಗೆ ಸೇರಿ ತುಕ್ಕು ಹಿಡಿದರೆ ರೋಲರ್ ತಿರುಗುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಅದು ಬರೀ ಒರಟು ಕಬ್ಬಿಣದ ಸಲಾಕೆ. ಅದರ ಮೇಲೆ ಭಾರದ ಹಗ್ಗ ಉಜ್ಜಿದರೆ ಏನಾಗುತ್ತದೆ, ಹೇಳಬೇಕೇ?

ನನ್ನ ಕಥೆ ಹೇಳಿಬಿಡುತ್ತೇನೆ. ಮಳೆ ನಿಂತ ಒಂದು ಸಂಜೆ. ಗೆಳೆಯನ ಜೀಪ್ ಹಳ್ಳದ ಅಂಚಿಗೆ ಜಾರಿ ಕೂತಿತ್ತು. ನೇರ ನಿಲ್ಲಿಸಲು ಜಾಗ ಇರಲಿಲ್ಲ, ನನ್ನ ಗಾಡಿಯನ್ನು ಓರೆಯಾಗಿ ನಿಲ್ಲಿಸಿದೆ. ರಿಮೋಟ್ ತಮ್ಮನ ಕೈಯಲ್ಲಿತ್ತು. ಜೀಪ್ ಅರ್ಧ ಮೇಲೆ ಬಂದಿತ್ತು. ಅಷ್ಟರಲ್ಲಿ ವಿಂಚಿನ ಸದ್ದು ಬದಲಾಯಿತು. "ಅಣ್ಣಾ, ಹಗ್ಗ ಬರ್ತಿಲ್ಲ" ಅಂತ ತಮ್ಮ ಕೂಗಿದ. ಹೋಗಿ ನೋಡಿದರೆ, ನಿಂತ ರೋಲರ್ ಮತ್ತು ಮಲಗಿದ ರೋಲರ್ ಸೇರುವ ಮೂಲೆಯಲ್ಲಿ ಒಂದು ಸಣ್ಣ ಸಂದು ಇರುತ್ತದಲ್ಲ, ಹಗ್ಗ ಅದರೊಳಗೆ ಇಳಿದು ಚಪ್ಪಟೆಯಾಗಿ ಕಚ್ಚಿಕೊಂಡಿತ್ತು. ಒಳಗೂ ಹೋಗದು, ಹೊರಗೂ ಬಾರದು. ಜೀಪ್ ಇಳಿಜಾರಿನಲ್ಲಿ ನೇತಾಡುತ್ತಿದೆ, ಕತ್ತಲಾಗುತ್ತಿದೆ. ಸಿಕ್ಕಿದ ಕಲ್ಲುಗಳನ್ನೆಲ್ಲ ಚಕ್ರದ ಹಿಂದೆ ಕೊಟ್ಟೆವು. ಇನ್ನೊಂದು ಗಾಡಿ ಬಂದು ಜೀಪಿನ ಭಾರ ಹಿಡಿದ ಮೇಲೆಯೇ ನಾನು ರೋಲರ್‌ನ ಬೋಲ್ಟಿಗೆ ಕೈ ಹಾಕಿದ್ದು. ಹಗ್ಗ ಬಿಡಿಸಿ ಟಾರ್ಚ್ ಹಾಕಿದೆ. ಹನ್ನೆರಡು ಎಳೆಗಳಲ್ಲಿ ಐದು ತುಂಡಾಗಿದ್ದವು. ಕೆಳಗಿನ ರೋಲರ್ ಕೈಯಲ್ಲಿ ತಿರುಗಿಸಿದೆ, ಅಲ್ಲಾಡಲಿಲ್ಲ. ಉಳಿದ ಏಳು ಎಳೆಯೂ ಹೋಗಿದ್ದರೆ ಜೀಪಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದ ಗೆಳೆಯ ಎಲ್ಲಿರುತ್ತಿದ್ದ ಅಂತ ಇವತ್ತಿಗೂ ನೆನಪಾಗುತ್ತದೆ.

ಹಾಸ್‌ನಲ್ಲಿ ಆ ಮೂಲೆ ಇಲ್ಲ, ಆ ಸಂದು ಇಲ್ಲ. ತಿರುಗುವ ಭಾಗವೇ ಇಲ್ಲದ ಮೇಲೆ ಜಾಮ್ ಆಗುವುದಾದರೂ ಏನು? ತೂಕವೂ ಕಡಿಮೆ. ಬಂಪರಿನಿಂದ ಮುಂದಕ್ಕೆ ಅಷ್ಟಾಗಿ ಚಾಚುವುದಿಲ್ಲ, ಹಾಗಾಗಿ ಏರು ಹತ್ತುವಾಗ ಮೊದಲು ನೆಲಕ್ಕೆ ತಾಗುವುದೂ ಇಲ್ಲ.

ಓರೆ ಎಳೆದರೆ ಹಾಸ್ ಮೇಲೆ ಹಗ್ಗ ಉಜ್ಜುತ್ತದೆ ಅನ್ನುತ್ತಾರೆ. ಓರೆ ಯಾಕೆ ಎಳೆಯಬೇಕು? ಮರಕ್ಕೆ ಒಂದು ಸ್ನ್ಯಾಚ್ ಬ್ಲಾಕ್, ಅಂದರೆ ಹಗ್ಗ ಹಾಯಿಸುವ ರಾಟೆ, ಕಟ್ಟಿ ದಿಕ್ಕು ತಿರುಗಿಸಿಕೊಳ್ಳಿ.

ಕೊಳ್ಳುವಾಗ ಮಾತ್ರ ಗಮನ ಬೇಕು. ದೊಡ್ಡ ಗಾಡಿಗಳ ವಿಂಚಿನಲ್ಲಿ ಎರಡು ಬೋಲ್ಟ್ ತೂತುಗಳ ನಡುವೆ ಸಾಮಾನ್ಯವಾಗಿ 254 ಮಿಲಿಮೀಟರ್ ಇರುತ್ತದೆ. ಆದರೂ ಅಳೆದೇ ತನ್ನಿ. ತೆಳ್ಳಗಿನ ತಗಡಿನಂಥದ್ದು ಬೇಡ. ದಪ್ಪ ಇರಲಿ, ಅಂಚು ಅಗಲವಾಗಿ ದುಂಡಗಿರಲಿ. ಹಗ್ಗ ಬಾಗುವ ತಿರುವು ದೊಡ್ಡದಾದಷ್ಟೂ ಅದಕ್ಕೆ ನೋವು ಕಡಿಮೆ. ಒಂದು ಚೂರು ಹತ್ತಿ ತೆಗೆದುಕೊಂಡು ಬಾಯಿಯ ಸುತ್ತ ಒರೆಸಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಆ ಹಾಸ್ ಬೇಡ. ಇನ್ನೊಂದು ವಿಷಯ ಬಹಳ ಜನ ನೋಡುವುದೇ ಇಲ್ಲ. ಹಾಸ್‌ನ ಹಿಂದೆ ಬಂಪರಿನ ತಗಡು ಕತ್ತರಿಸಿದ ಅಂಚು ಇರುತ್ತದೆ. ಹಗ್ಗ ಡ್ರಮ್ಮಿನ ಆ ತುದಿಯಿಂದ ಈ ತುದಿಗೆ ಓಡಾಡುವಾಗ ಆ ಅಂಚಿಗೆ ತಾಗಬಾರದು. ಅಲ್ಲಿ ತಾಗಿದರೆ ಮುಂದೆ ಎಂಥ ಹಾಸ್ ಇದ್ದರೂ ಸುಮ್ನೆ ದಂಡ.

ವಿರೋಧ: ಒಳ್ಳೆಯ ರೋಲರ್ ಇದ್ದರೆ ಇರಲಿ ಬಿಡಿ

ಈ ಕಡೆಯಿಂದ ಬರೆಯಿರಿ ಅಂತ ಸಂಪಾದಕರು ಕೇಳಿದರು, ಒಪ್ಪಿಕೊಂಡೆ. ನನ್ನ ಗಾಡಿಯಲ್ಲಿ ಈಗ ಇರುವುದು ಹಾಸ್. ಆದರೆ ರೋಲರ್ ಪರವಾಗಿ ಹೇಳುವ ಮಾತೂ ಇದೆ, ಅದನ್ನು ಹೇಳುವವರು ಕಡಿಮೆ.

ಮುಖ್ಯ ವಿಷಯ ಉಜ್ಜಾಟ. ಹಾಸ್ ಮೇಲೆ ಹಗ್ಗ ಜಾರುತ್ತದೆ, ರೋಲರ್ ಆದರೆ ಹಗ್ಗದ ಜೊತೆ ತಾನೂ ತಿರುಗುತ್ತದೆ. ಎಳೆತ ನೇರವಾಗಿದ್ದಾಗ ಇದರಿಂದ ಹೆಚ್ಚು ವ್ಯತ್ಯಾಸ ಇಲ್ಲ. ಓರೆಯಾದಾಗ ಇದೆ. ಲೆಕ್ಕ ಹಾಕಿ ನೋಡಿದೆ. ಘರ್ಷಣೆಯ ಗುಣಾಂಕ 0.1 ಅಂತ ಇಟ್ಟುಕೊಂಡರೆ, ಹಗ್ಗ 45 ಡಿಗ್ರಿ ತಿರುಗುವಾಗ ವಿಂಚ್ ಸುಮಾರು ಶೇ. 8ರಷ್ಟು ಜಾಸ್ತಿ ಎಳೆಯಬೇಕು. ಹಗ್ಗ ಕೊಳೆಯಾಗಿ ಗುಣಾಂಕ 0.2 ಆದರೆ ಅದು ಶೇ. 17 ಆಗುತ್ತದೆ. ಗಾಡಿ ಹೂತು ನಿಂತು, ವಿಂಚ್ ತನ್ನ ಮಿತಿಯ ಹತ್ತಿರ ದುಡಿಯುವ ಹೊತ್ತಿನಲ್ಲಿ ಇದು ಸಣ್ಣದಲ್ಲ.

ಇನ್ನು ಮರಳು. ಕೆಸರಿನಿಂದ ಬಂದ ಹಗ್ಗದಲ್ಲಿ ಮರಳಿನ ಕಣಗಳು ಸಿಕ್ಕಿರುತ್ತವೆ. ಅವು ಹಾಸ್‌ನ ಮೇಲಿನ ಲೇಪವನ್ನು ತಿನ್ನುತ್ತವೆ, ಹಗ್ಗದ ಮೇಲ್ಪದರವನ್ನೂ ತಿನ್ನುತ್ತವೆ. ಲೇಪ ಹೋದ ಮೇಲೆ ಬರೀ ಅಲ್ಯೂಮಿನಿಯಂ ಹಗ್ಗಕ್ಕೆ ಕಪ್ಪು ಬಳಿಯುತ್ತದೆ, ನಿಧಾನವಾಗಿ ಅಲ್ಲೊಂದು ಕೊರಕಲು ಬೀಳುತ್ತದೆ. ಸರಿಯಾಗಿ ತಿರುಗುವ ರೋಲರ್‌ನಲ್ಲಿ ಇಷ್ಟು ಸವೆತ ಇಲ್ಲ.

ಸ್ನ್ಯಾಚ್ ಬ್ಲಾಕ್ ಕಟ್ಟಿ ಅನ್ನುವುದು ಸುಲಭ. ಕಟ್ಟಲು ಸರಿಯಾದ ಜಾಗದಲ್ಲಿ ಮರ ಬೇಕಲ್ವಾ? ಗಾಡಿ ಸಿಕ್ಕಿಹಾಕಿಕೊಳ್ಳುವ ಕಡೆ ಇರುವುದು ಹೆಚ್ಚಾಗಿ ಒಂದೇ ಮರ, ಅದೂ ಪಕ್ಕದಲ್ಲಿ.

ಮೂಲೆಯ ಸಂದಿನಲ್ಲಿ ಹಗ್ಗ ಕಚ್ಚಿಕೊಳ್ಳುತ್ತದೆ ಎಂಬ ಹೆದರಿಕೆ ಎಲ್ಲರೂ ಹೇಳುವಂಥದ್ದು. ಹಗ್ಗ ಎಲ್ಲಿ ಹೋಗುತ್ತಿದೆ ಅಂತ ನೋಡದೆ ರಿಮೋಟ್ ಒತ್ತುವವರಿಗೆ ಯಾವ ಫೇರ್‌ಲೀಡ್ ಆದರೂ ಅಪಾಯವೇ.

ನಾನು ವಿಂಚ್ ಕೆಲಸ ಕಲಿತ ಹಿರಿಯರೊಬ್ಬರು ಸಿಂಥೆಟಿಕ್ ಹಗ್ಗಕ್ಕೆ ರೋಲರನ್ನೇ ಇಟ್ಟುಕೊಂಡಿದ್ದರು. ಸ್ಟೀಲ್ ಕೇಬಲ್ ಮುಟ್ಟದ, ಹೊಸದಾಗಿ ತಂದ ರೋಲರ್. ಪ್ರತಿ ಸಲ ಕೆಸರಿನಿಂದ ಬಂದ ಮೇಲೆ ಪಿನ್ ತೆಗೆದು, ನಾಲ್ಕನ್ನೂ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿ ಹಾಕುತ್ತಿದ್ದರು. ಬೆರಳಲ್ಲಿ ತಳ್ಳಿದರೆ ತಿರುಗಬೇಕು, ಅದು ಅವರ ಪರೀಕ್ಷೆ. ಅವರ ಹಗ್ಗ ಬಹಳ ವರ್ಷ ಬಂತು. ಅಷ್ಟು ಆರೈಕೆ ಮಾಡುವವರು ರೋಲರ್ ಬಿಚ್ಚಲೇಬೇಕು ಅಂತ ನನಗೆ ಅನ್ನಿಸುವುದಿಲ್ಲ. ಕೇಬಲ್ ಓಡಿ ಗೀರು ಬಿದ್ದ ರೋಲರ್ ಆದರೆ ಮಾತು ಬೇರೆ, ಅದನ್ನು ನಾನೂ ಇಟ್ಟುಕೊಳ್ಳುವುದಿಲ್ಲ.

ಇದನ್ನು ಬರೆಯುವ ಮುಂಚೆ ಹೋಗಿ ನನ್ನ ಹಾಸ್ ನೋಡಿ ಬಂದೆ. ಎಡಗಡೆಯ ಅಂಚಿನಲ್ಲಿ ಕಪ್ಪು ಲೇಪ ಹೋಗಿ ಲೋಹ ಬೆಳ್ಳಗೆ ಕಾಣುತ್ತಿದೆ. ಬೆರಳಿಗೆ ಸಣ್ಣ ಕೊರಕಲೂ ಸಿಕ್ಕಿತು. ಎಮರಿ ಪೇಪರ್ ತಂದು ನುಣ್ಣಗೆ ಉಜ್ಜಿಟ್ಟಿದ್ದೇನೆ.