ಟಿಪ್ ಫಳಫಳ, ಬೋಲ್ಟು ಪೂರ್ತಿ ತುಕ್ಕು

ಅಗ್ಗದ ಎಕ್ಸಾಸ್ಟ್ ಟಿಪ್ ಮಾಡಿ ಮಾರೋರನ್ನ ಹಿಡಿದು ಕೇಳಬೇಕು ಅನ್ಸುತ್ತೆ: ಕನ್ನಡಿ ಹಾಗೆ ಪಾಲಿಶ್ ಹೊಡೆದ ಕೊಳವೆಗೆ ಮೂರು ಸರಿಯಾದ ಬೋಲ್ಟು ಕೊಡೋಕೆ ನಿಮಗೆ ಏನು ಕಷ್ಟ? ಅಗ್ಗ ಅನ್ನೋದು ತಪ್ಪಲ್ಲ. ಸೈಲೆನ್ಸರ್ ಪೈಪಿನ ತುದಿಗೆ ಹಾಕೋ ಒಂದು ಗೇಣು ಅಲಂಕಾರಕ್ಕೆ ಯಾರೂ ಕೈತುಂಬ ಸುರಿಯಬೇಕಾಗಿಲ್ಲ. ಸಿಟ್ಟು ಬರೋದು ಬೇರೆ ಕಡೆ. ಕಣ್ಣಿಗೆ ಕಾಣೋ ಜಾಗಕ್ಕೆಲ್ಲ ಖರ್ಚು, ಟಿಪ್ಪಿನ ಮೈ ತೂರಿ ಪೈಪಿಗೆ ಒತ್ತಿ ಅದನ್ನ ಹಿಡಿದು ನಿಲ್ಲಿಸೋ ಬೋಲ್ಟುಗಳಲ್ಲಿ ಜಿಪುಣತನ. ಆಮೇಲೆ ಅದು ಸಡಿಲ ಆಗಿ ಗಡಗಡ ಅಂದ್ರೆ ತಪ್ಪು ಹಾಕಿಸಿಕೊಂಡೋರದ್ದು.

ಒಂದು ಮಳೆಗಾಲ ಕಳೆದ ಅಗ್ಗದ ಟಿಪ್ಪನ್ನ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಹೊರಮೈ ಇನ್ನೂ ಹೊಳೀತಾ ಇರುತ್ತೆ. ಪಕ್ಕದ ಬೋಲ್ಟಿನ ಬುಡದಿಂದ ಮಾತ್ರ ಒಂದು ಕಂದು ಗೆರೆ ಕೆಳಕ್ಕೆ ಇಳಿದು ಪಾಲಿಶ್ ಮೇಲೆ ಒಣಗಿ ಕೂತಿರುತ್ತೆ. ಬೋಲ್ಟಿನ ತಲೆ ಪದರ ಪದರವಾಗಿ ಎದ್ದು, ಆರು ಮೂಲೆಯೂ ಸವೆದು ಗುಂಡಗಾಗಿ, 10ರ ಸ್ಪಾನರ್ ಹಾಕಿದ್ರೆ ಸುಮ್ನೆ ಜಾರುತ್ತೆ. ಇದು ಯಾಕೆ ಇಷ್ಟು ಬೇಗ ಆಗುತ್ತೆ ಅಂದ್ರೆ, ಟಿಪ್ ಸ್ಟೇನ್‌ಲೆಸ್ ಸ್ಟೀಲು, ಬೋಲ್ಟು ಸತುವಿನ ತೆಳು ಲೇಪ ಕೊಟ್ಟ ಮಾಮೂಲಿ ಕಬ್ಬಿಣ. ಎರಡರ ನಡುವೆ ರಸ್ತೆಯ ಕೊಳಕು ನೀರು ಸೇರಿದ್ರೆ ಅದೊಂದು ಸಣ್ಣ ಬ್ಯಾಟರಿ. ದೊಡ್ಡ ಸ್ಟೇನ್‌ಲೆಸ್ ಮೈಯ ಎದುರು ಪುಟ್ಟ ಕಬ್ಬಿಣದ ಬೋಲ್ಟು ತನ್ನನ್ನ ತಾನೇ ತಿಂದುಕೊಳ್ಳುತ್ತೆ. ಒಂಟಿಯಾಗಿ ಇದ್ದಿದ್ರೆ ಬಾಳ್ತಿದ್ದಷ್ಟು ದಿನ ಅದು ಇಲ್ಲಿ ಬಾಳಲ್ಲ. ಲೋಹದ ಕೆಲಸ ಮಾಡೋರಿಗೆ ಇದು ಬಾಲಪಾಠ. ಗೊತ್ತಿದ್ದೂ ಮಾಡ್ತಾರೆ.

ಇನ್ನೂ ಕೆಟ್ಟದ್ದು ಥ್ರೆಡ್ಡಿನ (ಬೋಲ್ಟಿನ ಸುರುಳಿ ಗೀರಿನ) ಕತೆ. ಅಗ್ಗದ ಟಿಪ್ಪಿನ ತಗಡು ಹೆಚ್ಚಂದ್ರೆ 1.2 ಮಿ.ಮೀ. ದಪ್ಪ. ಎಂ6, ಅಂದ್ರೆ 6 ಮಿ.ಮೀ. ದಪ್ಪದ ಬೋಲ್ಟಿನ ಥ್ರೆಡ್ಡಿನ ಒಂದು ಸುತ್ತಿಗೆ 1 ಮಿ.ಮೀ. ಬೇಕು, 8 ಮಿ.ಮೀ. ದಪ್ಪದ ಎಂ8 ಬೋಲ್ಟಿಗೆ 1.25 ಮಿ.ಮೀ. ತಗಡಿಗೆ ನೇರವಾಗಿ ತೂತು ಕೊರೆದು ಥ್ರೆಡ್ ಹಾಕಿದ್ರೆ ಬೋಲ್ಟು ಕಚ್ಚಿಕೊಳ್ಳೋದು ಬರೀ ಒಂದು ಸುತ್ತು, ಎಂ8 ಆದ್ರೆ ಅದೂ ಪೂರ್ತಿ ಇಲ್ಲ. ಸ್ಟೀಲಿನಲ್ಲಿ ಬೋಲ್ಟಿನ ದಪ್ಪದಷ್ಟಾದರೂ ಆಳಕ್ಕೆ ಥ್ರೆಡ್ ಹಿಡಿದಿರಬೇಕು ಅನ್ನೋದು ಎಲ್ಲರೂ ಪಾಲಿಸೋ ಲೆಕ್ಕ. ಹೊರಗಡೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿದ್ರೆ ಸಾಕು, ಸುಮಾರು 5 ಮಿ.ಮೀ. ಹಿಡಿತ ಸಿಗುತ್ತೆ. ಅದನ್ನೂ ಮಾಡದೆ ಕೈಗೆ ಕೊಡ್ತಾರೆ. ಬಿಗಿ ಮಾಡೋವಾಗ ಅರ್ಧ ತಿರುವು ಜಾಸ್ತಿ ಆದ್ರೆ ಥ್ರೆಡ್ ಉದುರಿ ಹೋಗುತ್ತೆ, ಕಮ್ಮಿ ಆದ್ರೆ ಟಿಪ್ ರಸ್ತೆಗೆ ಬೀಳುತ್ತೆ. ಹಿಂದೆ ಬರೋ ಬೈಕಿನವರ ಎದುರಿಗೆ ಬಿದ್ರೆ ಏನು ಗತಿ ಅಂತ ಯೋಚನೆಯಾದರೂ ಬೇಡವೇ?

ಅಳತೆ ವಿಷಯಕ್ಕೆ ಬಂದ್ರೆ ಹೊಟ್ಟೆ ಉರಿಯುತ್ತೆ. ಡಬ್ಬದ ಮೇಲೆ ದೊಡ್ಡದಾಗಿ ಹಾಕೋದು ಬಾಯಿಯ ಅಳತೆ, ಅಂದ್ರೆ ಹೊಗೆ ಹೊರಗೆ ಬರೋ ಕಡೆಯದ್ದು. ಬೇಕಾಗಿರೋದು ಪೈಪಿನ ಮೇಲೆ ಕೂರೋ ಕಡೆಯ ಒಳ ಅಳತೆ. ಅದನ್ನ ಹಾಕೋದೇ ಇಲ್ಲ, ಹಾಕಿದ್ರೂ ಒಳ ಅಳತೆಯೋ ಹೊರ ಅಳತೆಯೋ ಹೇಳಲ್ಲ. ‘ಎಲ್ಲ ಕಾರಿಗೂ ಆಗುತ್ತೆ’ ಅಂತ ಬರೆದು ಮೂಗಿಗೆ ತುಪ್ಪ ಸವರ್ತಾರೆ. ಒಳ ಅಳತೆ 63 ಮಿ.ಮೀ. ಇರೋ ಟಿಪ್ಪನ್ನ 42 ಮಿ.ಮೀ. ಪೈಪಿಗೆ ಮೂರು ಉದ್ದ ಬೋಲ್ಟಿನ ಮೇಲೆ ನಿಲ್ಲಿಸಿದ್ರೆ ಅದು ಕೂತಿದೆ ಅಂತಲ್ಲ, ಊರುಗೋಲಿನ ಮೇಲೆ ನಿಂತಿದೆ ಅಂತ. ಸುತ್ತಲೂ 10 ಮಿ.ಮೀ. ಖಾಲಿ. ಹೊಗೆ ಹಿಂದಕ್ಕೂ ಸೋರುತ್ತೆ, ಟಿಪ್ ನಡುವಲ್ಲಿ ನಿಲ್ಲೋದೂ ಇಲ್ಲ.

ಆದ್ದರಿಂದ ಕೊಳ್ಳೋ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಪೈಪಿನ ಹೊರ ವ್ಯಾಸ ಅಳೀರಿ. ಒಂದೇ ಸಲ ಅಲ್ಲ. ತುದಿಯಿಂದ 25 ಮಿ.ಮೀ. ಒಳಗೆ ಒಮ್ಮೆ, 50 ಮಿ.ಮೀ. ಒಳಗೆ ಒಮ್ಮೆ, ಎರಡು ಕಡೆಯೂ ಅಡ್ಡಡ್ಡ ಒಮ್ಮೆ, ಮೇಲಿಂದ ಕೆಳಕ್ಕೆ ಒಮ್ಮೆ. ತುಂಬಾ ಪೈಪುಗಳು ಪೂರ್ತಿ ಗುಂಡಗಿರಲ್ಲ, ಬಗ್ಗಿಸಿದ ಕಡೆ ಮೊಟ್ಟೆಯಾಕಾರ ಆಗಿರುತ್ತೆ. ನಾಲ್ಕು ಅಳತೆಯಲ್ಲಿ ದೊಡ್ಡದು ಯಾವುದೋ ಅದಕ್ಕಿಂತ 1ರಿಂದ 3 ಮಿ.ಮೀ. ಹೆಚ್ಚು ಒಳ ವ್ಯಾಸ ಇರೋ ಟಿಪ್ ತಗೊಳ್ಳಿ. ನೇರವಾಗಿರೋ ಭಾಗ ಎಷ್ಟಿದೆ ಅನ್ನೋದನ್ನೂ ನೋಡಿ. ಕನಿಷ್ಠ 40 ಮಿ.ಮೀ. ಪೈಪು ಟಿಪ್ಪಿನ ಒಳಗೆ ಹೋಗಬೇಕು. ಕೆಲವು ಕಾರಿನ ಪೈಪು ತುದಿಯಲ್ಲಿ ನೆಲದ ಕಡೆ ಬಗ್ಗಿರುತ್ತೆ. ಅದಕ್ಕೆ ನೇರ ಟಿಪ್ ಹಾಕಿದ್ರೆ ಟಿಪ್ಪೂ ನೆಲ ನೋಡುತ್ತೆ. ಬಾಗಿದ ಕುತ್ತಿಗೆಯ ಟಿಪ್ಪೇ ಬೇಕು, ಇಲ್ಲಾಂದ್ರೆ ಹಾಕೋದೇ ಬೇಡ.

ಸ್ಟೇನ್‌ಲೆಸ್ ಅನ್ನೋ ಪದದ ಹಿಂದೆ ಬಚ್ಚಿಟ್ಟುಕೊಳ್ಳೋದು ಇನ್ನೊಂದು ಮೋಸ. 304 ಅನ್ನೋ ದರ್ಜೆಯ ಸ್ಟೀಲು ಅಂದ್ರೆ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. 201 ಅನ್ನೋದೂ ಸ್ಟೇನ್‌ಲೆಸ್ಸೇ, ಆದ್ರೆ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ತುಂಬಿದ್ದು. ತುಕ್ಕಿಗೆ ಅಷ್ಟು ತಡೆಯಲ್ಲ. ಮ್ಯಾಗ್ನೆಟ್ ಹಿಡಿದು ನೋಡಿ ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಪರೀಕ್ಷೆ ಮಾತ್ರ. ಮ್ಯಾಗ್ನೆಟ್ ಗಟ್ಟಿಯಾಗಿ ಕಚ್ಚಿದ್ರೆ ಒಳಗೆ ಕಬ್ಬಿಣ, ಮೇಲೆ ಕ್ರೋಮ್ ಲೇಪ ಇರೋ ಸಾಧ್ಯತೆಯೇ ಹೆಚ್ಚು. ಕಚ್ಚದೆ ಇದ್ರೆ 304 ಇರಬಹುದು, 201 ಇರಬಹುದು, ಎರಡೂ ಮ್ಯಾಗ್ನೆಟ್ ಹಿಡಿಯಲ್ಲ. ಮಡಚಿದ ಅಂಚಲ್ಲಿ ಸ್ವಲ್ಪ ಎಳೆದ್ರೆ ಗಾಬರಿ ಬೇಡ, 304 ಕೂಡ ಬಗ್ಗಿಸಿದ ಜಾಗದಲ್ಲಿ ಒಂಚೂರು ಎಳೆಯುತ್ತೆ. ಕ್ರೋಮ್ ಲೇಪದ್ದಂತೂ ಬೇಡವೇ ಬೇಡ. ಹೊಳೆಯೋ ಆ ಕ್ರೋಮ್ ಪದರ ಒಂದು ಮೈಕ್ರಾನಿಗಿಂತ ತೆಳು. ಲೇಪ ಹಾಕೋವಾಗ ಕೊಳವೆಯ ಒಳಗೆ ಅದು ಸರಿಯಾಗಿ ಹತ್ತೋದೇ ಇಲ್ಲ. ಒಳಗಿಂದ ತುಕ್ಕು ಹಿಡಿದು ಬರುತ್ತೆ, ಹೊರಗೆ ಗುಳ್ಳೆ ಎದ್ದಾಗಷ್ಟೇ ಗೊತ್ತಾಗೋದು. ಅಷ್ಟೊತ್ತಿಗೆ ಬದಲಾಯಿಸೋ ಅವಧಿ ಮುಗಿದಿರುತ್ತೆ.

ಈಗ ಹಾಕೋ ಕೆಲಸ. ಡಬ್ಬದಲ್ಲಿ ಬಂದ ಬೋಲ್ಟನ್ನ ಮೊದಲು ಕಸದ ಬುಟ್ಟಿಗೆ ಹಾಕಿ. ಅದೇ ಥ್ರೆಡ್ಡಿನ ಸ್ಟೇನ್‌ಲೆಸ್ ಬೋಲ್ಟು ತನ್ನಿ, ಎ2 ಅಥವಾ ಎ4 ಅಂತ ತಲೆ ಮೇಲೆ ಗುರುತಿರುತ್ತೆ. ಬೋಲ್ಟಿಗೊಂದು ಲಾಕ್ ನಟ್ಟೂ ಬೇಕು, ಒಳಗೆ ನೈಲಾನ್ ಇರೋದು ಬೇಡ. ಈ ಬಿಸಿಗೆ ನೈಲಾನ್ ಮೆತ್ತಗಾಗಿ ಹಿಡಿತ ಬಿಡುತ್ತೆ. ಸಾದಾ ಸ್ಟೇನ್‌ಲೆಸ್ ನಟ್ಟನ್ನ ಬೋಲ್ಟಿಗೆ ಮೊದಲೇ ಹಾಕಿಟ್ಟು, ಬೋಲ್ಟು ಬಿಗಿಯಾದ ಮೇಲೆ ನಟ್ಟನ್ನ ಟಿಪ್ಪಿನ ಮೈಗೆ ತಂದು ಒತ್ತಿ ಬಿಗಿ ಮಾಡೋದೇ ಸರಿ. ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ತಿರುಗಿಸಿದ್ರೆ ಉಜ್ಜಿ ಬೆಸೆದುಕೊಂಡು ಬಿಡುತ್ತೆ. ಅದಕ್ಕೆ ಥ್ರೆಡ್ಡಿಗೆ ನಿಕ್ಕಲ್ ಇರೋ ಆಂಟಿ-ಸೀಜ್ ಪೇಸ್ಟು ಕಡಲೆಕಾಳಿನಷ್ಟು ಹಚ್ಚಿ. ಗ್ರೀಸ್ ಹಚ್ಚಬೇಡಿ, ಸುಟ್ಟು ಕರಿ ಆಗುತ್ತೆ ಅಷ್ಟೇ.

ಕಾರು ಪೂರ್ತಿ ತಣ್ಣಗಾಗಿರಬೇಕು. ಪೈಪಿನ ಮೇಲಿನ ಸಡಿಲ ತುಕ್ಕನ್ನ ಬ್ರಷ್ಷಿಂದ ತೆಗೆದು, ಬ್ರೇಕ್ ಕ್ಲೀನರ್ (ಜಿಡ್ಡು ತೆಗೆಯೋ ಸ್ಪ್ರೇ) ಹಾಕಿ ಒರೆಸಿ. ಪೈಪಿನ ಮೇಲೆ ಬೂದು ಬಣ್ಣದ ಅಲ್ಯೂಮಿನಿಯಂ ಲೇಪ ಇದ್ರೆ ಅದನ್ನ ಉಜ್ಜಿ ಕಿತ್ತು ಹಾಕಬೇಡಿ, ಪೈಪಿನ ಆಯುಷ್ಯ ಇರೋದೇ ಅದರಲ್ಲಿ. ಟಿಪ್ ತೂರಿಸಿ, ಮೂರು ಬೋಲ್ಟನ್ನೂ ಮೊದಲು ಕೈಯಲ್ಲೇ ತಾಗೋವರೆಗೆ ತಿರುಗಿಸಿ. ಆಮೇಲೆ ಒಂದೊಂದಕ್ಕೆ ಕಾಲು ತಿರುವು, ಸರದಿ ಪ್ರಕಾರ. ಒಂದನ್ನೇ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದ್ರೆ ಟಿಪ್ ಓರೆಯಾಗುತ್ತೆ. ಎಂ6 ಆದ್ರೆ ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆಯೋ ಸ್ಪಾನರ್) 8 ನ್ಯೂಟನ್ ಮೀಟರಿಗೆ ನಿಲ್ಲಿಸಿ. ಕಾರಿನಿಂದ ಏಳೆಂಟು ಹೆಜ್ಜೆ ಹಿಂದೆ ಹೋಗಿ ಬಂಪರಿಗೆ ಸಮ ಇದೆಯಾ ನೋಡಿ, ಹತ್ತಿರದಿಂದ ನೋಡಿದ್ರೆ ಓರೆ ಗೊತ್ತಾಗಲ್ಲ. ಸಂದು ದೊಡ್ಡದಿದ್ರೆ ಸ್ಟೇನ್‌ಲೆಸ್ ತಗಡಿನ ಪಟ್ಟಿ ಸುತ್ತಿ ತುಂಬಿ. ಪೈಪು 48, ಟಿಪ್ಪಿನ ಒಳಗು 52 ಅಂದ್ರೆ ಸುತ್ತಲೂ 2 ಮಿ.ಮೀ., ಅಂದ್ರೆ 1 ಮಿ.ಮೀ. ತಗಡು ಎರಡು ಸುತ್ತಿಗೆ ಒಂಚೂರು ಕಮ್ಮಿ. ರಬ್ಬರ್ ತುಂಡು, ಟೇಪು, ತಂಪು ಪಾನೀಯದ ಡಬ್ಬ ಕತ್ತರಿಸಿ ತುರುಕೋದು ಇವೆಲ್ಲ ವಾರದ ಮಾತು.

ಇಷ್ಟು ಮಾಡಿದ ಮೇಲೂ ಕೆಲಸ ಮುಗಿಯಲ್ಲ. ಇದನ್ನ ಯಾವ ಡಬ್ಬದಲ್ಲೂ ಬರೆಯಲ್ಲ. ಒಂದೇ ಬಿಸಿಗೆ 304 ಮಾಮೂಲಿ ಸ್ಟೀಲಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತೆ. ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗಲೂ ಪೈಪೂ ಟಿಪ್ಪೂ ಒಂದರ ಮೇಲೊಂದು ಕೂದಲೆಳೆಯಷ್ಟು ಜಾರುತ್ತವೆ, ಜೊತೆಗೆ ಇಂಜಿನ್ ನಡುಕ ಬೇರೆ. ಮೊದಲ 100 ಕಿ.ಮೀ. ಆದ ಮೇಲೆ, ತಣ್ಣಗಿದ್ದಾಗ ಒಮ್ಮೆ ಬಿಗಿ ಮಾಡಿ. 500 ಕಿ.ಮೀ.ಗೆ ಇನ್ನೊಮ್ಮೆ. ಆಮೇಲೆ ಪ್ರತಿ ಸರ್ವಿಸಿನಲ್ಲಿ. ಆಯ್ಕೆ ಇದ್ರೆ ಬೋಲ್ಟಿನ ಟಿಪ್ಪೇ ಬೇಡ. ಕುತ್ತಿಗೆಯಲ್ಲಿ ಸೀಳು ಬಿಟ್ಟು ಸುತ್ತಲೂ ಅಗಲ ಪಟ್ಟಿಯ ಕ್ಲಾಂಪು ಹಿಡಿಯೋ ಟಿಪ್ ತಗೊಳ್ಳಿ. ಮೂರು ಚುಕ್ಕಿಯಲ್ಲಿ ಚುಚ್ಚೋ ಬದಲು ಸುತ್ತಲೂ ಅಪ್ಪಿ ಹಿಡಿಯುತ್ತೆ, ಪೈಪಿಗೆ ಗುಳಿಯೂ ಬೀಳಲ್ಲ.

ಬಂಪರ್ ಕರಗಿಸೋರನ್ನ ನೋಡಿದ್ರೆ ಬೇಜಾರಾಗುತ್ತೆ. ಸೈಲೆನ್ಸರ್ ರಬ್ಬರಿನಲ್ಲಿ ತೂಗಾಡ್ತಾ ಇರುತ್ತೆ, ಗುಂಡಿಗೆ ಇಳಿದಾಗ ಮೇಲೆ ಕೆಳಗೆ ಕುಣಿಯುತ್ತೆ. ಟಿಪ್ಪಿಗೂ ಬಂಪರಿಗೂ ಸುತ್ತಲೂ 20ರಿಂದ 25 ಮಿ.ಮೀ. ಬಿಡಲೇಬೇಕು. ಬಾಯಿ ಬಂಪರಿನ ಅಂಚಿಗಿಂತ 10 ಮಿ.ಮೀ.ಯಾದರೂ ಹೊರಗಿರಬೇಕು. ಒಳಗೆ ಸರಿಸಿ ‘ಸಮ ಕಾಣಲಿ’ ಅಂತ ಹಾಕಿದ್ರೆ ಬಿಸಿ ಹೊಗೆ ನೇರ ಬಂಪರಿನ ಹೊಟ್ಟೆಗೆ ಬಡಿಯುತ್ತೆ, ಬಣ್ಣ ಮೊದಲು ಹಳದಿ ಆಗಿ ಆಮೇಲೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

ಟಿಪ್ ಹಾಕಿದ್ರೆ ಪವರ್ ಜಾಸ್ತಿ, ಮೈಲೇಜ್ ಜಾಸ್ತಿ ಅನ್ನೋದೆಲ್ಲ ಶುದ್ಧ ಸುಳ್ಳು. ಸೈಲೆನ್ಸರ್ ದಾಟಿದ ಮೇಲಿನ ಒಂದು ಗೇಣು ಕೊಳವೆ ಇಂಜಿನ್ನಿಗೆ ಏನೂ ಮಾಡಲ್ಲ. ಪೈಪಿನ ಒಳಗೆ ತುರುಕೋ ಬಗೆಯದ್ದಾದ್ರೆ ದಾರಿಯನ್ನೇ ಕಿರಿದು ಮಾಡುತ್ತೆ.

ನೀರಿನ ವಿಷಯ ಯಾರೂ ಹೇಳಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚೂಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ಪೈಪು ಬಿಸಿ ಇದ್ರೆ ಆವಿಯಾಗಿ ಹೋಗುತ್ತೆ. ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸೋ ಕಾರಿನಲ್ಲಿ ಅದು ಪೈಪಿನಲ್ಲೇ ತಣ್ಣಗಾಗಿ ನಿಲ್ಲುತ್ತೆ. ಟಿಪ್ಪಿನ ಬಾಯಿ ಒಂಚೂರು ಮೇಲಕ್ಕೆ ಎದ್ದಿದ್ರೆ, ಅಥವಾ ಎರಡು ಗೋಡೆಯ (ಒಳಗೊಂದು ಹೊರಗೊಂದು ತಗಡಿನ) ಟಿಪ್ಪಾಗಿದ್ರೆ, ಮಸಿ ಕದಡಿದ ಆ ಕಪ್ಪು ನೀರು ಟಿಪ್ಪಿನೊಳಗೋ ಗೋಡೆಗಳ ಸಂದಿನಲ್ಲೋ ಕೂತು ಒಳಗಿಂದ ಕೊರೆಯುತ್ತೆ. ಎರಡು ಗೋಡೆಯದ್ದಾದ್ರೆ ಟಿಪ್ ಹಾಕೋ ಮೊದಲೇ ಅತ್ಯಂತ ಕೆಳಗೆ ಬರೋ ಜಾಗದಲ್ಲಿ, ಹೊರಗಿನ ಗೋಡೆಗೆ ಮಾತ್ರ, 3 ಮಿ.ಮೀ. ತೂತು ಕೊರೆದು ಅಂಚು ನಯ ಮಾಡಿ. ಬಾಯಿ ಒಂದು ಕೂದಲಷ್ಟಾದರೂ ಕೆಳಕ್ಕೆ ಇಳಿದಿರಲಿ. ಒಳಗೋಡೆಯ ಚುಕ್ಕಿ ವೆಲ್ಡು ಬಿಟ್ಟುಕೊಂಡ್ರೆ ಜೇನುನೊಣದ ಹಾಗೆ ಗುಂಯ್ ಅನ್ನುತ್ತೆ. ಎಷ್ಟು ಬೋಲ್ಟು ಬಿಗಿ ಮಾಡಿದ್ರೂ ಆ ಸದ್ದು ಹೋಗಲ್ಲ, ಟಿಪ್ ಬಿಚ್ಚಿ ಮತ್ತೆ ವೆಲ್ಡ್ ಮಾಡಿಸಬೇಕು.

ತೊಳೆಯೋ ಹೆಸರಲ್ಲಿ ಹಾಳು ಮಾಡೋದೂ ಬೇಕಾದಷ್ಟಿದೆ. ಚಕ್ರ ತೊಳೆಯೋ ಆಸಿಡ್ ದ್ರಾವಣ, ಬ್ಲೀಚು ಎರಡನ್ನೂ ಹತ್ತಿರ ಸೇರಿಸಬೇಡಿ. ಅವುಗಳಲ್ಲಿರೋ ಕ್ಲೋರೈಡು ಸ್ಟೇನ್‌ಲೆಸ್ಸಿನ ಮೇಲೆ ಸೂಜಿಮೊನೆಯಂಥ ಗುಳಿ ತೋಡುತ್ತೆ. ಕಬ್ಬಿಣದ ತಂತಿ ಬ್ರಷ್ಷು, ಪಾತ್ರೆ ಉಜ್ಜೋ ಕಬ್ಬಿಣದ ನಾರು ಬೇಡ. ಉದುರಿದ ಕಬ್ಬಿಣದ ಪುಡಿ ಅಂಟಿಕೊಂಡು ಮಾರನೇ ದಿನ ಅದೇ ತುಕ್ಕಾಗುತ್ತೆ, ಟಿಪ್ಪಿಗೆ ತುಕ್ಕು ಅಂತ ಬೈಯ್ಯೋದು ಆಮೇಲೆ. ತಣ್ಣಗಿರೋ ಟಿಪ್ಪಿಗೆ ಕಾರ್ ಶಾಂಪೂ ಹಾಕಿ ಮಸಿ ನೆನೆಸಿ ತೆಗೀರಿ, ಒಣಗಿದ ಮೇಲೆ ಮೆಟಲ್ ಪಾಲಿಶ್ ಮೈಕ್ರೋಫೈಬರ್ ಬಟ್ಟೆಯಲ್ಲಿ. ಗೆರೆ ಗೆರೆ ಫಿನಿಶ್ ಇದ್ರೆ ಗೆರೆಯ ದಿಕ್ಕಿನಲ್ಲೇ ಉಜ್ಜಿ. ಎರಡು ವಾರಕ್ಕೊಮ್ಮೆ ಮಾಡಿದ್ರೆ ಐದು ನಿಮಿಷದ ಕೆಲಸ, ಆರು ತಿಂಗಳು ಬಿಟ್ರೆ ಮಸಿ ಸುಟ್ಟು ಗಾಜಿನ ಹಾಗೆ ಗಟ್ಟಿಯಾಗಿರುತ್ತೆ. ಮಾಮೂಲಿ ಕಾರ್ನೂಬಾ ವ್ಯಾಕ್ಸ್ ಇಲ್ಲಿ ವ್ಯರ್ಥ, 80–85 ಡಿಗ್ರಿಗೆ ಕರಗಿ ಹೋಗುತ್ತೆ. ನೀಲಿ-ನೇರಳೆ ಬಣ್ಣದ ಟಿಪ್ಪಿಗೆ ಮಾತ್ರ ಪಾಲಿಶ್ ಮುಟ್ಟಿಸಲೇಬೇಡಿ. ಆ ಬಣ್ಣ ಇರೋದು ಮೇಲಿನ ತೆಳು ಪದರದಲ್ಲಿ, ನಾಲ್ಕು ಸಲ ಉಜ್ಜಿದ್ರೆ ಸವೆದು ಹೋಗಿಬಿಡುತ್ತೆ. ‘ಕಾರ್ಬನ್ ಫೈಬರ್’ ಅಂತ ಅಗ್ಗಕ್ಕೆ ಕೊಡೋದರಲ್ಲಿ ಹೆಚ್ಚಿನದು ಅಚ್ಚು ಹಾಕಿದ ಹಾಳೆ, ಬಿಸಿಗೆ ಗುಳ್ಳೆ ಏಳುತ್ತೆ.

ಹಳೇ ಬೋಲ್ಟು ಹಿಡಿದುಕೊಂಡಿದ್ರೆ ಸುತ್ತಿಗೆ ತಗೊಂಡು ಹೊಡೀಬೇಡಿ, ಪೈಪು ಚಪ್ಪಟೆಯಾಗುತ್ತೆ, ಸೈಲೆನ್ಸರ್ ತೂಗೋ ರಬ್ಬರೂ ಹರಿಯುತ್ತೆ. ತುಕ್ಕು ಬಿಡಿಸೋ ಎಣ್ಣೆ ರಾತ್ರಿ ಹಾಕಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ, ಆರು ಮೂಲೆಯ ಸಾಕೆಟ್ಟಿನಲ್ಲಿ ಮೊದಲು ಬಿಗಿ ಮಾಡೋ ಕಡೆ ಒಂಚೂರು, ಆಮೇಲೆ ಬಿಚ್ಚೋ ಕಡೆ. ಹನ್ನೆರಡು ಮೂಲೆಯದ್ದು ತಲೆ ಸವೆಸುತ್ತೆ. ತಲೆ ಮುರಿದೇ ಹೋದ್ರೆ 10 ಮಿ.ಮೀ. ಡ್ರಿಲ್ಲಿಗೆ ಕೈ ಹಾಕದೆ 3 ಮಿ.ಮೀ.ಯಿಂದ ಶುರು ಮಾಡಿ, ನಿಧಾನ ವೇಗದಲ್ಲಿ, ಎಣ್ಣೆ ಬಿಡ್ತಾ. ಹೊರಗೆ ಬಂದ ಬೋಲ್ಟು ಎಷ್ಟೇ ಚೆನ್ನಾಗಿ ಕಂಡ್ರೂ ಮತ್ತೆ ಹಾಕಬೇಡಿ.