ಕಲೆ ಯಾವ ಬದಿಗಿದೆ?

ಬೇಸಿಗೆ ಮುಗಿಯುವವರೆಗೂ ನಮ್ಮ ಮನೆಯ ಕಿಟಕಿಗಳು ಸ್ವಚ್ಛವಾಗಿಯೇ ಇರುತ್ತವೆ. ಹಾಗೆಂದು ನಂಬಿಕೊಳ್ಳಲು ಯಾರ ಅಡ್ಡಿಯೂ ಇರುವುದಿಲ್ಲ. ಶರತ್ಕಾಲ ಕಾಲಿಟ್ಟೊಡನೆ ಸೂರ್ಯ ನಮ್ಮ ವಿರುದ್ಧ ಸಾಕ್ಷಿ ನುಡಿಯತೊಡಗುತ್ತಾನೆ. ಕರ್ಕಾಟಕ ವೃತ್ತಕ್ಕಿಂತ ಉತ್ತರದ ನಾಡುಗಳಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ನಡುಹಗಲಿನ ಸೂರ್ಯ ಒಟ್ಟು 47 ಡಿಗ್ರಿ ಕೆಳಗಿಳಿಯುತ್ತಾನೆ, ಅದರಲ್ಲಿ ಅರ್ಧ ದಾರಿ ಸೆಪ್ಟೆಂಬರ್ ಕೊನೆಯ ವಾರಕ್ಕೇ ಮುಗಿದಿರುತ್ತದೆ. ಹೀಗೆ ತಗ್ಗಿ ಬಂದ ಬಿಸಿಲು ಗಾಜಿನ ಮೂಲಕ ನೇರವಾಗಿ ಕೋಣೆಯೊಳಗೆ ನುಗ್ಗಿದಾಗ, ಮಗಳ ಬೆರಳಚ್ಚು, ಯಾರದೋ ಮೂಗಿನ ಗುರುತು, ಮಳೆಹನಿ ಆರಿ ಉಳಿದ ಬಿಳಿ ಉಂಗುರಗಳು ಎಲ್ಲವೂ ಒಮ್ಮೆಗೇ ಎದ್ದು ಕಾಣುತ್ತವೆ.

ತೊಂದರೆಯೆಂದರೆ, ಕೊಳೆ ಕಾಣಿಸುವ ದಿನ ತೊಳೆಯಬಾರದು. ಬಿಸಿಲಿಗೆ ಕಾದ ಗಾಜಿನ ಮೇಲೆ ಸೋಪಿನ ನೀರು ಒರೆಸುವ ಮೊದಲೇ ಆರಿಹೋಗಿ ಗೆರೆಗಳನ್ನು ಉಳಿಸುತ್ತದೆ. ತೊಳೆಯಲು ಮೋಡ ಕವಿದ ದಿನವೇ ಸರಿ, ಆದರೆ ಮೋಡ ಕವಿದ ದಿನ ಗಾಜು ಹೇಗೂ ನಿರ್ಮಲವಾಗಿಯೇ ತೋರುವುದರಿಂದ ಅದನ್ನು ತೊಳೆಯಬೇಕೆಂದು ಮನೆಯಲ್ಲಿ ಯಾರನ್ನೂ ಒಪ್ಪಿಸಲಾಗದು. ನಮ್ಮ ಯಜಮಾನರಂತೂ ಮೋಡದ ದಿನ ಕಿಟಕಿಯೆದುರು ನಿಂತು, ಕೈ ಹಿಂದೆ ಕಟ್ಟಿಕೊಂಡು, ಇದರಲ್ಲಿ ತೊಳೆಯುವುದಕ್ಕೇನಿದೆ ಎಂದು ನ್ಯಾಯಾಧೀಶರ ಗಾಂಭೀರ್ಯದಿಂದ ತೀರ್ಪು ಕೊಡುತ್ತಾರೆ.

ಕೊನೆಗೂ ಒಪ್ಪಿದರೆಂದಾಗ ಅವರು ಮಾಡುವ ಮೊದಲ ಕೆಲಸ ಬಕೆಟ್ಟಿಗೆ ಧಾರಾಳವಾಗಿ ಸೋಪು ಸುರಿಯುವುದು. ನೊರೆ ಹೆಚ್ಚಿದಷ್ಟೂ ಶುದ್ಧಿ ಹೆಚ್ಚೆಂಬುದು ಅವರ ಸಿದ್ಧಾಂತ. ವಾಸ್ತವದಲ್ಲಿ ಒಂದು ಬಕೆಟ್ ನೀರಿಗೆ ಕೆಲವೇ ಹನಿ ಸಾಕು, ಮಿಕ್ಕದ್ದೆಲ್ಲ ತೆಳುಪೊರೆಯಾಗಿ ಗಾಜಿನಲ್ಲೇ ಉಳಿಯುತ್ತದೆ. ಗಡಸು ನೀರಿನ ಬಿಳಿ ಕಲೆಗಳಿಗಂತೂ ಸೋಪಿನ ಪರಿವೆಯೇ ಇಲ್ಲ, ಅವು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್ ಆದ್ದರಿಂದ ವಿನೆಗರ್‌ನಂಥ ಆಮ್ಲಕ್ಕೆ ಮಾತ್ರ ಕರಗುತ್ತವೆ. ಇದನ್ನು ನಾನು ವಿವರಿಸಿದ ಮೇಲೆ ಮನೆಯೆಲ್ಲ ಉಪ್ಪಿನಕಾಯಿ ಜಾಡಿಯಂತೆ ನಾರಿತು.

ಒರೆಸಲು ನಮ್ಮಲ್ಲಿ ರಬ್ಬರ್ ಪಟ್ಟಿಯ ಹಗುರವಾದ ವೈಪರ್ ಇದೆ. ಇಟಲಿಯಿಂದ ಅಮೆರಿಕೆಗೆ ವಲಸೆ ಹೋಗಿ ಕಿಟಕಿ ತೊಳೆದೇ ಬದುಕುತ್ತಿದ್ದ ಎಟ್ಟೋರೆ ಸ್ಟೆಕೋನೆ, ಆಗಿನ ಭಾರವಾದ ಉಕ್ಕಿನ ಸಾಧನದಿಂದ ಬೇಸತ್ತು, 1936ರಲ್ಲಿ ಒಂದೇ ರಬ್ಬರ್ ಅಲಗಿನ ಹಿತ್ತಾಳೆಯ ಉಪಕರಣವನ್ನು ರೂಪಿಸಿದ. ಪುಣ್ಯಾತ್ಮ ಕೈಗೆ ಸುಖ ಕೊಟ್ಟನೇ ಹೊರತು ದಾಂಪತ್ಯಕ್ಕೆ ಯಾವ ಉಪಾಯವನ್ನೂ ಸೂಚಿಸಲಿಲ್ಲ.

ಏಕೆಂದರೆ ನಿಜವಾದ ಜಗಳ ಆರಂಭವಾಗುವುದೇ ಒರೆಸಿ ಮುಗಿದ ಮೇಲೆ. ನಾನು ಒಳಗೆ, ಅವರು ಹೊರಗೆ, ನಡುವೆ ಒಂದು ಗೆರೆ. ಅದು ಅವರ ಕಡೆಯದೆಂದು ನಾನು ಬೆರಳಿಟ್ಟು ತೋರಿಸುತ್ತೇನೆ. ಅವರು ಅದೇ ಜಾಗಕ್ಕೆ ಆಚೆಯಿಂದ ಬೆರಳಿಟ್ಟು ನನ್ನತ್ತ ತಿರುಗಿಸುತ್ತಾರೆ. ಹೀಗೆ ಎರಡು ಹೊಸ ಬೆರಳಚ್ಚುಗಳು ಮೂಡುತ್ತವೆ. ಗಾಜು ಮುಚ್ಚಿರುವುದರಿಂದ ಮಾತು ಕೇಳಿಸದು, ತುಟಿ ಅಲುಗುವುದಷ್ಟೇ ಕಾಣುತ್ತದೆ, ಆದರೆ ಇಷ್ಟು ವರ್ಷ ಒಟ್ಟಿಗೆ ಬಾಳಿದವರಿಗೆ ಅಷ್ಟು ಸಾಕು. ಅನುಭವಿಗಳು ಇದಕ್ಕೊಂದು ಸುಲಭ ದಾರಿ ಹೇಳುತ್ತಾರೆ: ಒಳಬದಿಯನ್ನು ಅಡ್ಡಡ್ಡಲಾಗಿಯೂ ಹೊರಬದಿಯನ್ನು ಉದ್ದುದ್ದವಾಗಿಯೂ ಒರೆಸಿದರೆ, ಉಳಿದ ಗೆರೆಯ ದಿಕ್ಕೇ ತಪ್ಪಿತಸ್ಥರನ್ನು ತೋರಿಸಿಕೊಡುತ್ತದೆ. ಈ ನಿಯಮವನ್ನು ಇಬ್ಬರೂ ಗಂಭೀರವಾಗಿ ಒಪ್ಪಿ ಜಾರಿಗೆ ತಂದೆವು. ಸಂಜೆ ಬಿಸಿಲು ಬಿದ್ದಾಗ ಗಾಜಿನಲ್ಲಿ ಕಂಡ ಗೆರೆ ಓರೆಯಾಗಿತ್ತು.

ಅಡುಗೆಮನೆಯ ಕಿಟಕಿಯ ಕಥೆ ಇನ್ನೂ ವಿಚಿತ್ರ. ಅಲ್ಲಿನ ಮಬ್ಬು ಕಲೆಯನ್ನು ನಾನು ಒಳಗಿನಿಂದ ಉಜ್ಜಿದೆ, ಅವರು ಹೊರಗಿನಿಂದ ಉಜ್ಜಿದರು, ಕಲೆ ಕದಲಲಿಲ್ಲ. ಅದು ಜೋಡಿ ಗಾಜಿನ ಕಿಟಕಿ. ಅಂಚಿನ ಬಿಗಿತ ಸಡಿಲಿ, ತೇವ ಹೀರಲೆಂದು ಚೌಕಟ್ಟಿನಲ್ಲಿ ತುಂಬಿರುವ ಕಾಳುಗಳು ಸೋತ ಮೇಲೆ, ಎರಡು ಗಾಜುಗಳ ನಡುವೆಯೇ ಆವಿ ಹನಿಗಟ್ಟಿ ಮಬ್ಬು ಕಟ್ಟುತ್ತದಂತೆ. ಯಾರ ಕೈಗೂ ಎಟುಕದ ಮೂರನೆಯ ಬದಿಯೊಂದಿದೆಯೆಂದು ತಿಳಿದು ಇಬ್ಬರಿಗೂ ಆದ ಸಮಾಧಾನ ಅಷ್ಟಿಷ್ಟಲ್ಲ. ಅಂದಿನಿಂದ ಯಾವ ಕಿಟಕಿಯಲ್ಲಿ ಕಲೆ ಉಳಿದರೂ ಅದು ನಡುವಿನದೇ ಎಂದು ಯಜಮಾನರು ಹೇಳುತ್ತಾರೆ, ಒಂಟಿ ಗಾಜಿನದ್ದಾದರೂ.

ಇಷ್ಟಾಗಿ ಹಜಾರದ ದೊಡ್ಡ ಗಾಜು ಮಾತ್ರ ಅಪ್ಪಟ ತಿಳಿಯಾಯಿತು. ಮರುದಿನ ಬೆಳಿಗ್ಗೆ ಸಣ್ಣ ಹಕ್ಕಿಯೊಂದು ಅದರಲ್ಲಿ ಪ್ರತಿಫಲಿಸಿದ ಮರವನ್ನೇ ನಿಜವೆಂದು ಬಗೆದು ಬಂದು ಬಡಿದು, ಕಿಟಕಿಯ ಹೊರಗಟ್ಟೆಯ ಮೇಲೆ ದಿಗ್ಭ್ರಮೆಯಿಂದ ಕುಳಿತು, ಸ್ವಲ್ಪ ಹೊತ್ತಿನ ಬಳಿಕ ಹಾರಿಹೋಯಿತು. ಶರತ್ಕಾಲ ವಲಸೆಯ ಕಾಲವಾದ್ದರಿಂದ ಇಂಥ ಡಿಕ್ಕಿಗಳು ಹೆಚ್ಚು. ಗಾಜಿನ ಹೊರಬದಿಯಲ್ಲಿ 5 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ ಗುರುತುಗಳನ್ನು ಮಾಡಬೇಕು, ಸೋಪಿನಿಂದ ಬರೆದರೂ ಆದೀತು ಎಂದು ಮಗಳು ಎಲ್ಲೋ ಓದಿ ಬಂದು ಹೇಳಿದಳು. ಹೇಳಿದವಳೇ ಸೋಪಿನ ಬಿಲ್ಲೆ ಹಿಡಿದು ಇಡೀ ಗಾಜಿನ ತುಂಬ ಸಾಲುಸಾಲಾಗಿ ಚುಕ್ಕೆ ಇಟ್ಟಳು, ಯಜಮಾನರು ಅಳತೆಪಟ್ಟಿ ಹಿಡಿದು ಅಂತರವನ್ನು ಪರೀಕ್ಷಿಸಿದರು. ಸಂಜೆ ನೆರೆಮನೆಯವರು ಬಂದು, ಬಹಳ ಸಂಕೋಚದಿಂದಲೇ, ಕಿಟಕಿ ಒರೆಸುವ ಒಳ್ಳೆಯ ಬಟ್ಟೆ ತಮ್ಮಲ್ಲಿದೆಯೆಂದೂ ಬೇಕಿದ್ದರೆ ಕೊಡುವೆವೆಂದೂ ಹೇಳಿ ಹೋದರು.