ಕಾರು ಮನೆಯಲ್ಲೇ ಇರಲಿ, ನೀವು ಬನ್ನಿ

ಮಂಗಳೂರಿನ ಹಳೇ ಕಾರಿನ ಗೆಳೆಯರ ಜೊತೆ ಮಾತಾಡಿದಾಗಲೆಲ್ಲ ಈಗ ಒಂದೇ ದೂರು ಕೇಳುತ್ತೇನೆ. ಕ್ಲಬ್ಬಿನ ತಿಂಗಳ ಮೀಟ್‌ಗೆ ಜನ ಬರುತ್ತಿಲ್ಲ. ಶುರುವಿನ ದಿನಗಳಲ್ಲಿ ಭಾನುವಾರ ಬೆಳಗ್ಗೆ ಕದ್ರಿ ಪಾರ್ಕಿನ ಹತ್ತಿರ ಫಿಯೆಟ್, ಅಂಬಾಸಿಡರ್, ಜೀಪುಗಳು ಸಾಲಾಗಿ ನಿಲ್ಲುತ್ತಿದ್ದವು. ಈಗ ಪದಾಧಿಕಾರಿಗಳೇ ಎಲ್ಲರೂ ಬರುವುದಿಲ್ಲವಂತೆ. "ಕಾರೆಲ್ಲ ಉಂಟು ಮಾರಾಯ, ಜನ ಇಲ್ಲ" ಅಂದ ಒಬ್ಬ ಗೆಳೆಯ.

ನಾನು ಉಡುಪಿಯವನು, ಇರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಇದು ಕಾರು ಕಟ್ಟಿದ ಊರು. ನಮ್ಮ ಕಡೆ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮೂಲವಾದ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಲ್ಲಿನ ಕ್ಯಾನ್ಲಿ ಕಾರ್ಖಾನೆಯಿಂದಲೇ ಬಂದದ್ದು. ಅಂಬಾಸಿಡರಿನ ತವರೂ ದೂರ ಇಲ್ಲ. ಅದು ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ತಯಾರಾಗುತ್ತಿದ್ದ ಮಾರಿಸ್ ಆಕ್ಸ್‌ಫರ್ಡ್. ಆ ಕಾರುಗಳ ಕಾಲ ಮುಗಿದರೂ ಅವುಗಳನ್ನು ಪ್ರೀತಿಸುವವರ ಕ್ಲಬ್‌ಗಳು ನಡೆಯುತ್ತಲೇ ಇವೆ. ಅಂಥ ಒಂದು ಸಣ್ಣ ಕ್ಲಬ್ಬಿನ ಭೇಟಿಗೆ ನಾನೂ ಹೋಗುತ್ತೇನೆ. ಅಲ್ಲಿ ನೋಡಿದ್ದರಲ್ಲಿ ಕೆಲವು ವಿಷಯ ಊರಿಗೂ ಬೇಕು ಅನಿಸುತ್ತದೆ.

ಇಲ್ಲಿನ ಭೇಟಿ ತೀರಾ ಸರಳ. ತಿಂಗಳಿಗೊಮ್ಮೆ, ಯಾವಾಗಲೂ ಮಂಗಳವಾರವೇ, ಒಂದೇ ಪಬ್, ಸಂಜೆ ಏಳೂವರೆ. ಹೆಸರು ಕೊಡಬೇಕಾಗಿಲ್ಲ, ದುಡ್ಡು ಕಟ್ಟಬೇಕಾಗಿಲ್ಲ. ಅವರವರ ಬಿಲ್ಲು ಅವರವರೇ ಕೊಡುತ್ತಾರೆ. ಕುಡಿಯದವರು ಕಾಫಿ ಹಿಡಿದು ಕೂರುತ್ತಾರೆ. ಯಾರೋ ಒಬ್ಬರು ಕೆಟ್ಟುಹೋದ ಡಿಸ್ಟ್ರಿಬ್ಯೂಟರನ್ನು (ಇಂಜಿನ್ನಿನ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಚೀಲದಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲಿಟ್ಟರೆ ಸಾಕು, ಮುಂದಿನ ಒಂದು ತಾಸು ಎಲ್ಲರ ಮಾತೂ ಅದರ ಸುತ್ತಲೇ.

ಮುಖ್ಯ ವಿಷಯ ಇದು: ಹಳೇ ಕಾರಿನಲ್ಲೇ ಬರಬೇಕು ಅಂತ ಇಲ್ಲ. ಚಳಿಗಾಲದಲ್ಲಿ ಹಿಮ ಕಟ್ಟದ ಹಾಗೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪು ತಾಗಿದರೆ ಹಳೇ ಕಾರಿನ ತಗಡಿಗೆ ತುಕ್ಕು. ಹಾಗಾಗಿ ನವೆಂಬರಿನಿಂದ ಮಾರ್ಚಿನವರೆಗೆ ತುಂಬಾ ಜನ ಕಾರಿಗೆ ಹೊದಿಕೆ ಹಾಕಿ ಗ್ಯಾರೇಜಿನಲ್ಲಿ ನಿಲ್ಲಿಸಿಬಿಡುತ್ತಾರೆ. ಭೇಟಿ ಮಾತ್ರ ನಿಲ್ಲುವುದಿಲ್ಲ. ಎಲ್ಲರೂ ದಿನಬಳಕೆಯ ಕಾರಿನಲ್ಲಿ ಬರುತ್ತಾರೆ. ಕಾರು ಮಾರಿ ಎಷ್ಟೋ ವರ್ಷ ಆದವರೂ ಬರುತ್ತಾರೆ. ಮುಂದೆ ಯಾವತ್ತೋ ಒಂದು ಕೊಳ್ಳಬೇಕು ಅಂತ ಆಸೆ ಇರುವ ಹುಡುಗರೂ ಬಂದು ಕೂರುತ್ತಾರೆ.

ನಮ್ಮಲ್ಲಿ ಮೀಟ್ ಅನ್ನುವುದು ನಿಧಾನಕ್ಕೆ ಕಾರ್ಯಕ್ರಮ ಆಗಿಬಿಟ್ಟಿದೆ. ಮುಖ್ಯ ಅತಿಥಿ ಬೇಕು, ಬಾವುಟ ತೋರಿಸಬೇಕು, ಶಾಲು ಹೊದಿಸಬೇಕು, ಟೀ ಶರ್ಟ್ ಆಗಬೇಕು, ಮಧ್ಯಾಹ್ನ ಊಟ. ಇದಕ್ಕೆಲ್ಲ ಓಡಾಡುವವರು ಎರಡೋ ಮೂರೋ ಜನ, ಅವರೂ ಸುಸ್ತಾಗುತ್ತಾರೆ. ಕಾರಂತೂ ಫಳಫಳ ಹೊಳೆಯಬೇಕು. ಪೇಂಟ್ ಎದ್ದವನು ಮುಂದಿನ ಸಲ ನೋಡುವಾ ಅನ್ನುತ್ತಾನೆ. ಸೆಲ್ಫ್ ಹಿಡಿಯದವನು ಮನೆಯಲ್ಲೇ ಉಳಿಯುತ್ತಾನೆ. ನಂತೂರು ಸರ್ಕಲಿನ ಟ್ರಾಫಿಕ್ಕಿನಲ್ಲಿ ಇಂಜಿನ್ ಕಾದು ನಿಂತರೆ ಎಂತ ಮಾಡುದು ಅಂತ ಇನ್ನೊಬ್ಬನಿಗೆ ಹೆದರಿಕೆ. ನಿಜವಾಗಿ ಸಹಾಯ ಬೇಕಾದವರು ಇವರೇ, ಅಲ್ವಾ? ಹೊಳೆಯುವ ಕಾರಿನವನಿಗೆ ಕ್ಲಬ್ಬಿನಿಂದ ಬೇಕಾದ್ದು ಕಡಿಮೆ. ಟಿಂಕರಿಂಗ್ ಅರ್ಧಕ್ಕೆ ನಿಂತವನಿಗೆ ಬೇಕಾದ್ದು ಜಾಸ್ತಿ.

ದೊಡ್ಡ ಪ್ರದರ್ಶನ ಬೇಡ ಅಂತ ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಇರಲಿ, ಭರ್ಜರಿಯಾಗಿಯೇ ಇರಲಿ. ಇಂಗ್ಲೆಂಡಿನಲ್ಲೂ ಏಪ್ರಿಲಿನ ಒಂದು ಭಾನುವಾರ 'ಡ್ರೈವ್ ಇಟ್ ಡೇ' ಅಂತ ದೇಶವಿಡೀ ಹಳೇ ಗಾಡಿಗಳು ರಸ್ತೆಗೆ ಇಳಿಯುತ್ತವೆ. 1900ರ ಏಪ್ರಿಲ್ 23ರಂದು ಲಂಡನ್ನಿನಿಂದ ಹೊರಟ ಸಾವಿರ ಮೈಲಿಯ ಕಾರು ಪರೀಕ್ಷಾ ಪ್ರಯಾಣದ ನೆನಪಿಗೆ ಮಾಡುವ ದಿನ ಅದು. ಆದರೆ ಆ ದಿನದ ಗಮ್ಮತ್ತನ್ನು ತಿಂಗಳು ತಿಂಗಳು ಮಾಡಲು ಯಾರೂ ಹೋಗುವುದಿಲ್ಲ.

ಇನ್ನು ದಿನದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಕರಾವಳಿಯ ವರ್ಷಕ್ಕೆ ಅದರದ್ದೇ ಲೆಕ್ಕ ಇದೆ. ದೀಪಾವಳಿ ಕಳೆದರೆ ಮದುವೆ, ಗೃಹಪ್ರವೇಶ, ಕೋಲ, ನೇಮ, ಬ್ರಹ್ಮಕಲಶ. ಶನಿವಾರ, ಭಾನುವಾರ ಕಂಬಳ. ರಾತ್ರಿ ಯಕ್ಷಗಾನದ ಆಟ. ಕೋಲ, ಆಟ ಎಲ್ಲ ನಿಲ್ಲುವ ಮೇ ಕೊನೆಯ ಪತ್ತನಾಜೆಯವರೆಗೆ ಯಾರ ಭಾನುವಾರವೂ ಅವರ ಕೈಯಲ್ಲಿ ಇರುವುದಿಲ್ಲ. ನಮ್ಮ ಕ್ಲಬ್‌ಗಳು ಮೀಟ್ ಇಟ್ಟುಕೊಳ್ಳುವುದು ಇದೇ ತಿಂಗಳುಗಳ ಭಾನುವಾರಗಳಲ್ಲಿ. ಮಳೆ ಬಿತ್ತು ಅಂದರೆ ಎಲ್ಲ ಬಂದ್. ಜೂನಿನಿಂದ ಸೆಪ್ಟೆಂಬರಿನವರೆಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಷ್ಟು ದಿನ ಬಿಟ್ಟ ಅಭ್ಯಾಸ ದಸರಾ ಹೊತ್ತಿಗೆ ಮತ್ತೆ ಹತ್ತುವುದು ಕಷ್ಟ.

ನನ್ನ ಪ್ರಕಾರ ನಮ್ಮ ಕಡೆ ಮೀಟ್‌ಗೆ ಹೇಳಿ ಮಾಡಿಸಿದ ಕಾಲವೇ ಮಳೆಗಾಲ. ಅದರಲ್ಲೂ ಜುಲೈ, ಆಗಸ್ಟ್ ನಡುವೆ ಬರುವ ತುಳುವರ ಆಟಿ ತಿಂಗಳು. ಆಟಿಯಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ, ಆಟ ಇಲ್ಲ, ಕೋಲ ಇಲ್ಲ. ಜನ ಮನೆಯಲ್ಲಿದ್ದಾರೆ. ಮದುವೆ ಹಾಲ್‌ಗಳು ಖಾಲಿ ಬಿದ್ದಿರುತ್ತವೆ. ದೊಡ್ಡ ಹಾಲ್‌ಗಳ ಮುಂದೆ ಶೀಟ್ ಹಾಕಿದ ಪಾರ್ಕಿಂಗ್ ಇರುತ್ತದೆ, ಹಿಂದೆ ಊಟದ ಹಾಲ್ ಇರುತ್ತದೆ. ಒಂದು ಸಂಜೆಗೆ ಕೇಳಿದರೆ ಕಡಿಮೆ ಬಾಡಿಗೆಗೆ ಸಿಗಬಹುದು. ಹಳೇ ಕಾರು ಮಳೆಯಲ್ಲಿ ತರುವುದು ಬೇಡ. ಆಲ್ಟೋದಲ್ಲಿ ಬನ್ನಿ, ಸ್ಕೂಟರಿನಲ್ಲಿ ಬನ್ನಿ, ಸಿಟಿ ಬಸ್ಸಿನಲ್ಲಿ ಬನ್ನಿ. ಬಿಸಿ ಗೋಳಿಬಜೆ, ಚಾ ಇದ್ದರೆ ಸಾಕು. ಚಳಿಗೆ ಹೆದರದೆ ಇಂಗ್ಲಿಷರು ಪಬ್ಬಿಗೆ ಬರುವಾಗ ಮಳೆಗೆ ಒಗ್ಗಿದ ನಾವು ಬಾರದೆ ಇರುತ್ತೇವಾ?

ಒಂದು ವಿಷಯದಲ್ಲಿ ನಮ್ಮ ಊರು ಇಂಗ್ಲೆಂಡಿಗಿಂತ ಎಷ್ಟೋ ಶ್ರೀಮಂತ. ಅದನ್ನೇ ನಾವು ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. ಇಲ್ಲಿ ಕೂಲಿ ದುಬಾರಿ, ಹಾಗಾಗಿ ಹಳೇ ಕಾರಿನವರು ತುಂಬಾ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ವಿದ್ಯೆ ಮಾಲೀಕರ ಹತ್ತಿರವೇ ಇದೆ. ಊರಲ್ಲಿ ಆ ವಿದ್ಯೆ ಇರುವುದು ಮೆಕ್ಯಾನಿಕ್‌ಗಳ ಕೈಯಲ್ಲಿ. ಸ್ಪಾರ್ಕಿಗೆ ಬೇಕಾದ ಪಾಯಿಂಟ್ ಗ್ಯಾಪನ್ನು ಕಣ್ಣಂದಾಜಿನಲ್ಲೇ ಹಿಡಿಯುವವರು, ಫಿಯೆಟ್ಟಿನ ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರು ಸಿಕ್ಕಿಕೊಂಡರೆ ಬಾನೆಟ್ ಎತ್ತಿ ಎರಡು ನಿಮಿಷದಲ್ಲಿ ಬಿಡಿಸುವವರು, ಬಾಗಿಲಿನ ಕೆಳಗೆ ತಿಂದುಹೋದ ತಗಡನ್ನು ಕೈಯಲ್ಲೇ ಬಡಿದು ಕೂರಿಸುವವರು, ಸೀಟಿನ ಕುಶನ್ ಕೆಲಸದವರು, ಯಾವ ಗುಜರಿಯಲ್ಲಿ ಯಾವ ಪಾರ್ಟ್ ಬಿದ್ದಿದೆ ಅಂತ ಗೊತ್ತಿರುವವರು. ಇವರಲ್ಲಿ ತುಂಬಾ ಜನರಿಗೆ ಈಗ ವಯಸ್ಸಾಗಿದೆ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಪದ್ಮಿನಿ ಹೆಸರಿನಲ್ಲಿ ಬರುತ್ತಿದ್ದ ಫಿಯೆಟ್ ಅದಕ್ಕೂ ಮೊದಲೇ ನಿಂತಿತು. ಈ ಕೆಲಸ ಕಲಿಯಲು ಹೊಸ ಹುಡುಗರು ಬರುತ್ತಿಲ್ಲ.

ಇವರನ್ನು ಮೀಟ್‌ಗೆ ಕರೆಯಬೇಕು. ಕಾರು ಕೆಟ್ಟರೆ ನೋಡಲು ಅಂತ ಅಲ್ಲ, ಸದಸ್ಯರಾಗಿ ಕರೆಯಬೇಕು. ಉಸ್ತಾದರು ಬರುತ್ತಾರೆ, ಇವತ್ತು ಕಾರ್ಬ್ಯುರೇಟರ್ ಬಿಚ್ಚಿ ತೋರಿಸುತ್ತಾರೆ ಅಂತ ಗೊತ್ತಾದರೆ ಜನ ಬಂದೇ ಬರುತ್ತಾರೆ. ಅದಕ್ಕೆ ಅವರಿಗೆ ಗೌರವಧನ ಕೊಡಬೇಕು. ಅತಿಥಿಯ ಶಾಲು, ಹಾರಕ್ಕೆ ಹೋಗುವ ದುಡ್ಡು ಅದಕ್ಕೆ ಹೋಗಲಿ. ಅವರು ಹೇಳುವುದನ್ನು ಹುಡುಗರು ವಿಡಿಯೋ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮಾತಾಡಲು ವಿಷಯ ಎಲ್ಲಿದೆ ಅಂತ ಕೇಳುವವರಿದ್ದಾರೆ. ಬೇಕಾದಷ್ಟು ಇದೆ. ಊರಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್. ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಹೋಸ್, ಪಂಪಿನ ಡಯಾಫ್ರಾಮ್ ಹಾಳು ಮಾಡುತ್ತದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಶೇಕಡಾ 10 ಎಥನಾಲ್ ಸಾಮಾನ್ಯ ಪೆಟ್ರೋಲ್ ಆದಾಗ ಹಳೇ ಕಾರಿನವರ ನಡುವೆ ತಿಂಗಳುಗಟ್ಟಲೆ ಇದೇ ಚರ್ಚೆ. ಇನ್ನೊಂದು ವಿಷಯ ಕಾಗದಪತ್ರ. 50 ವರ್ಷ ದಾಟಿದ ಗಾಡಿಗೆ 'ವಿಎ' ಸರಣಿಯ ನಂಬರ್ ಕೊಡುವ ನಿಯಮ ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ. ಮಾಡಿಸಬೇಕಾ ಬೇಡವಾ ಅಂತ ಒಬ್ಬೊಬ್ಬರೇ ತಲೆ ಕೆಡಿಸಿಕೊಳ್ಳುವ ಬದಲು ಮಾಡಿಸಿದವರ ಎದುರು ಕೂತು ಕೇಳಬಹುದಲ್ಲ.

ಇಂಗ್ಲೆಂಡಿನ ಎಲ್ಲವೂ ಚೆನ್ನ ಅಂತ ತಿಳಿಯಬೇಡಿ. ಇಲ್ಲಿನ ಭೇಟಿಗಳಲ್ಲಿ ವಯಸ್ಸಾದ ಗಂಡಸರೇ ಜಾಸ್ತಿ. ಹೆಂಡತಿ ಮಕ್ಕಳು ಬರುವುದು ಅಪರೂಪ. ನಮ್ಮಲ್ಲಿ ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರೂ ಅಂಬಾಸಿಡರ್ ಹತ್ತುತ್ತಾರೆ. ಆ ಸಂತೋಷ ಇಲ್ಲಿ ನನಗೆ ಸಿಕ್ಕಿಲ್ಲ. ಆದರೆ ಎಂಬತ್ತು, ತೊಂಬತ್ತರ ದಶಕದ ಕಾರುಗಳನ್ನೂ ಸೇರಿಸಿಕೊಂಡ ಕ್ಲಬ್‌ಗಳಿಗೆ ಇಲ್ಲಿ ಹೊಸ ಮುಖಗಳು ಬಂದಿವೆ. ಊರಲ್ಲಿ ಆ ಜಾಗದಲ್ಲಿ ಇರುವುದು ಮಾರುತಿ 800. ಅದು ಬಂದದ್ದು 1983ರಲ್ಲಿ, ಮೊದಲ ಕಾರುಗಳಿಗೆ ಆಗಲೇ 40 ದಾಟಿದೆ. ಅಪ್ಪನ 800ನ್ನು ಮಾರದೆ ಇಟ್ಟುಕೊಂಡ ಹುಡುಗ, ಹುಡುಗಿಯರು ಮಂಗಳೂರು, ಉಡುಪಿ ಎರಡೂ ಕಡೆ ಇದ್ದಾರೆ. ಇದೂ ಒಂದು ಹಳೇ ಕಾರಾ ಅಂತ ಮುಖ ತಿರುಗಿಸುವ ಹಿರಿಯರಿಗೆ ನನ್ನದೊಂದು ವಿನಂತಿ. ದಯವಿಟ್ಟು ಒಳಗೆ ಬಿಡಿ. ಮುಂದೆ ಕ್ಲಬ್ ನಡೆಸುವವರು ಇವರೇ.

ಉಡುಪಿಯವರನ್ನು ಪ್ರತಿ ಸಲ ಮಂಗಳೂರಿಗೆ ಬರ ಹೇಳುವುದೂ ಸರಿಯಲ್ಲ. ಹೆದ್ದಾರಿಯಲ್ಲಿ ಹೆಚ್ಚು ಕಡಿಮೆ 60 ಕಿಲೋಮೀಟರ್. ಹಳೇ ಕಾರಿಗೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಕೆಎ 19ರವರು ಮಂಗಳೂರಿನಲ್ಲಿ, ಕೆಎ 20ರವರು ಉಡುಪಿಯಲ್ಲಿ ಸಣ್ಣದಾಗಿ ಸೇರಲಿ. ವರ್ಷಕ್ಕೆ ಒಂದೆರಡು ಸಲ ಕಾಪು ಬೀಚಿನಲ್ಲೋ ಪಡುಬಿದ್ರಿಯಲ್ಲೋ ಒಟ್ಟಾಗಲಿ.

ಮಳೆಗಾಲಕ್ಕೆ ಹಾಲ್ ಆಯಿತು, ಉಳಿದ ತಿಂಗಳುಗಳಿಗೆ ಹೋಟೆಲೇ ಸರಿ, ಆದರೆ ಭಾನುವಾರ ಬೆಳಗ್ಗೆ ಬೇಡ. ಬನ್ಸ್, ನೀರುದೋಸೆಗೆ ಜನ ಕ್ಯೂ ನಿಂತಿರುವಾಗ ಎರಡು ತಾಸು ಮೇಜು ಹಿಡಿದು ಕೂತರೆ ಯಾವ ಮಾಲೀಕರು ಸುಮ್ನೆ ಇರುತ್ತಾರೆ? ಇಲ್ಲಿನ ಪಬ್ಬಿನವರು ನಮಗೆ ಜಾಗ ಕೊಟ್ಟದ್ದು ಮಂಗಳವಾರ ಅವರಿಗೆ ಗಿರಾಕಿ ಕಡಿಮೆ ಅಂತ. ಮೊದಲು ಹೋಟೆಲಿನವರ ಹತ್ತಿರ ಹೋಗಿ, ನಿಮಗೆ ಯಾವ ಸಂಜೆ ಖಾಲಿ ಅಂತ ಕೇಳಿ. ಅವರು ಹೇಳಿದ ದಿನವನ್ನೇ ಗೊತ್ತು ಮಾಡಿ. ಮೂರೇ ಜನ ಬಂದರೂ ಅದನ್ನು ಬದಲಿಸಬೇಡಿ, ಮುಂದೂಡಬೇಡಿ. ಮುಂದಿನ ಆಟಿಗೆ ನಾನು ರಜೆ ಹಾಕಿ ಊರಿಗೆ ಬರುವವನಿದ್ದೇನೆ. ಹಾಲ್ ವಿಚಾರಿಸುವ ಕೆಲಸ ನನಗೆ ಬಿಡಿ.